ಹುಣಸೆಹಣ್ಣಿಗಿಂತ ಮುಂಚೆ

ಭಾನುವಾರ ಬೆಳಗಿನ ಐದೂವರೆ. ಕೋಲಾರದ ಬಸ್ ನಿಲ್ದಾಣದ ಟೀ ಅಂಗಡಿಯವನು ಇನ್ನೂ ಒಲೆ ಹಚ್ಚಿಲ್ಲ. ಆವಲಪ್ಪನವರು ಆಗಲೇ ಮುಳಬಾಗಿಲಿನ ಮೊದಲ ಬಸ್ಸಿನ ಕಿಟಕಿ ಸೀಟು ಹಿಡಿದಿದ್ದಾರೆ. ತೊಡೆಯ ಮೇಲೆ ಬಟ್ಟೆಯ ಚೀಲ; ಒಳಗೆ ಒಂದು ಭೂತಗನ್ನಡಿ, ಹಳೆ ಬನಿಯನ್ನಿನ ತುಂಡು, ಎರಡು ರಾಗಿರೊಟ್ಟಿ. ಬಸ್ಸು ಐದು ನಿಮಿಷ ತಡವಾಗುತ್ತಲೇ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ.

“ಡ್ರೈವರಣ್ಣ, ಬಿಡಪ್ಪ ಗಾಡಿ. ಅಲ್ಲಿ ಹುಣಸೆಹಣ್ಣು ನೆನೆ ಹಾಕ್ಬಿಟ್ಟಿರ್ತಾರೆ!”

ಡ್ರೈವರ್ ತಿರುಗಿ ನೋಡುತ್ತಾರೆ. ಹುಳಿಸಾರಿಗೆ ಇಷ್ಟು ಅವಸರಪಡುವ ಮನುಷ್ಯನನ್ನು ಅವರು ಕಂಡಿರಲಿಕ್ಕಿಲ್ಲ.

ಐವತ್ತೆಂಟರ ಆವಲಪ್ಪನವರು ಸುಗಟೂರಿನ ರೈತರು. ವಾರದಲ್ಲಿ ಆರು ದಿನ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳು. ಏಳನೆಯ ದಿನ ನಾಣ್ಯ. ಊರೂರಿನ ದೇವಸ್ಥಾನಗಳಲ್ಲಿ ವರ್ಷಕ್ಕೊಮ್ಮೆ ಹುಂಡಿ ತೆರೆದಾಗ, ಚಲಾವಣೆಯಲ್ಲಿರುವ ಹಣ ಬ್ಯಾಂಕಿಗೆ ಹೋಗುತ್ತದೆ. ನಡೆಯದ ಮೂರು ಪೈಸೆ, ತೂತು ಕಾಸು, ದುಬೈಗೆ ಹೋಗಿಬಂದವರು ಹಾಕಿದ ಹರಕೆಯ ಚಿಲ್ಲರೆ, ಯಾರದೋ ಅಂಗಿಯ ಗುಂಡಿ ಎಲ್ಲ ಒಂದೇ ರಾಶಿಯಾಗಿ ದೇವಸ್ಥಾನದ ಕಟ್ಟೆಯ ಮೇಲೆ ಹರಾಜಾಗುತ್ತವೆ. ಅವನ್ನು ಕೊಂಡು, ಆರಿಸಿ, ನಾಣ್ಯ ಸಂಗ್ರಹಿಸುವವರಿಗೆ ಮಾರುವುದು ಇವರ ಕಸುಬು. ಹನ್ನೊಂದು ವರ್ಷ, ನಲವತ್ತು ಊರು. ಒಂದು ಕಿಲೋ ರಾಶಿಯಲ್ಲಿ ಮಾರಾಟವಾಗುವುದು ಮೂರೋ ನಾಲ್ಕೋ.

“ಗುಂಡೀನೂ ದಂಡ ಅಲ್ಲ ಸಾರ್,” ಎಂದು ಪೇಪರಿಗೆ ಬರೆಯಲು ಜೊತೆಗೆ ಬಂದ ನನಗೆ ತಮ್ಮ ಅಂಗಿ ತೋರಿಸುತ್ತಾರೆ. ಐದು ಗುಂಡಿ, ಐದೂ ಬೇರೆ ಬೇರೆ ಬಣ್ಣ.

ಈ ಕಸುಬಿಗೆ ಶತ್ರುವೆಂದರೆ ಹುಣಸೆಹಣ್ಣು. ದೇವರ ಕಾಸನ್ನು ಕೊಳಕಾಗಿ ಹರಾಜಿಗೆ ಇಡುವುದುಂಟೆ ಎಂದು ಊರವರು ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿಬಿಡುತ್ತಾರೆ. ಕೊಳ್ಳುವವರಿಗೆ ಬೇಕಾದದ್ದೋ, ಕಾಲ ಕಳೆದು ತಾಮ್ರಕ್ಕೆ ಹಿಡಿದ ಆ ಕಪ್ಪು ಬಣ್ಣವೇ. ಮಾಲೂರಿನ ನಿವೃತ್ತ ಮೇಷ್ಟ್ರು ಶಿವಶಂಕರ್ ಇವರ ಖಾಯಂ ಗಿರಾಕಿ.

“ಮೇಷ್ಟ್ರು ಮೂಸಿ ನೋಡೇ ಹೇಳ್ಬಿಡ್ತಾರೆ. ಇದು ಉಜ್ಜಿದ್ದು ಕಣಯ್ಯ, ವಾಪಸ್ ತಗೊಂಡೋಗು ಅಂತಾರೆ. ಇನ್ನೂರು ವರ್ಷ ತನ್ನ ಪಾಡಿಗೆ ತಾನಿದ್ದಿದ್ದನ್ನ ಹತ್ತು ನಿಮಿಷದಲ್ಲಿ ಹಾಳ್ಮಾಡ್ತಾರಲ್ಲ ಸಾರ್!”

ದೇವರಾಯಸಮುದ್ರದ ಕೆರೆಯಾಚೆಯ, ಇವತ್ತು ಹೊರಟಿರುವ ಇದೇ ಊರಿನಲ್ಲಿ ಹೋದ ವರ್ಷ ನಡೆದದ್ದು ಅವರಿಗೆ ಇನ್ನೂ ನುಂಗಲಾರದ ತುತ್ತು. ದೇವಸ್ಥಾನದ ಪಾತ್ರೆ ಬೆಳಗುವ ವೆಂಕಟರತ್ನಮ್ಮ ಹುಣಸೆಹಣ್ಣು ಹಿಡಿದು ಕೂತಿದ್ದರು. ಅವರ ಬೆರಳ ಸಂದಿಯಲ್ಲಿ ಮೈಸೂರು ಅರಸರ ಕಾಲದ ಆನೆ ಕಾಸು. ಸುಮ್ಮನಿದ್ದರೆ ಕಾಸು ಹಾಳು. ಬಾಯಿ ಬಿಟ್ಟರೆ ಗುಟ್ಟು ರಟ್ಟು. ಗಾಬರಿಯಾದರೆ ಆವಲಪ್ಪನವರ ಬಾಯಲ್ಲಿ ಬರುವುದು ತೆಲುಗು. “ವದ್ದಮ್ಮಾ, ವದ್ದು!” ಬೇಡ ಬೇಡ ಎಂದು ಅವರು ಕೂಗಿದ ಕೂಗಿಗೆ ಇಡೀ ಕಟ್ಟೆಯೇ ತಿರುಗಿ ನೋಡಿತು. ಯಾಕೆಂದು ಕೇಳಿದವರಿಗೆ ಕೊಳೆ ಇದ್ದರೇ ರೇಟು ಎಂದೂ, ಮೇಷ್ಟ್ರು ಎಷ್ಟು ಕೊಡುತ್ತಾರೆಂದೂ ಹೇಳಿಬಿಟ್ಟರು. ಎಂಟುನೂರಕ್ಕೆ ಬರಬೇಕಿದ್ದ ರಾಶಿಗೆ ಊರವರೆಲ್ಲ ಕೂಗಿ ಕೂಗಿ ಐದು ಸಾವಿರದ ಇನ್ನೂರು ಮಾಡಿದರು. ಮೇಷ್ಟ್ರು ಆನೆಗೆ ಕೊಟ್ಟದ್ದು ಐದು ಸಾವಿರದ ಮುನ್ನೂರು. ಉಳಿದ ನೂರು ರೂಪಾಯಿ ಬಸ್ಸಿಗೂ ಊಟಕ್ಕೂ ಸಾಲಲಿಲ್ಲ.

ಮನೆಯಲ್ಲಿ ಹೆಂಡತಿ ಸುನಂದ ಕೊಟ್ಟಿರುವ ತೀರ್ಪು ಚುಟುಕಾಗಿದೆ. “ಆ ಊರಿಂದ ಈ ಸಲಾನೂ ಲಾಭ ಇಲ್ದೆ ಬಂದ್ರೆ ನಾಣ್ಯ ಬಂದ್. ಭಾನುವಾರ ಕುಡುಗೋಲು ಹಿಡ್ಕೊಂಡು ಸೊಪ್ಪು ಕೊಯ್ಯೋಕೆ ಬನ್ನಿ.” ವಾರಕ್ಕೆ ಒಂದೇ ದಿನ ತಮ್ಮದು ಎಂದುಕೊಂಡವರಿಗೆ ಆ ದಿನವೂ ಹೋದೀತೆಂಬ ಭಯ ಚೆನ್ನಾಗಿಯೇ ಹತ್ತಿದೆ.

ಏಳು ಗಂಟೆಗೆ ದೇವಸ್ಥಾನ ತಲುಪಿದಾಗ ಕಟ್ಟೆಯ ಮೇಲೆ ಹುಣಸೆಹಣ್ಣಿನ ಸುಳಿವಿಲ್ಲ. ಉಸ್ಸೆಂದು ಕೂರುವಷ್ಟರಲ್ಲಿ ರಾಶಿ ಕಣ್ಣಿಗೆ ಬೀಳುತ್ತದೆ. ಒಂದೊಂದು ನಾಣ್ಯಕ್ಕೂ ಕೆರೆಯ ಗೋಡುಮಣ್ಣು ಮೆತ್ತಿ ಒಣಗಿಸಿದ್ದಾರೆ. ಸಮಿತಿಯ ಅಧ್ಯಕ್ಷ ಶ್ರೀರಾಮಪ್ಪ ಎದೆಯುಬ್ಬಿಸಿ ಬರುತ್ತಾರೆ.

“ಕೊಳೆ ಇದ್ರೇನೇ ರೇಟು ಅಂತ ನೀವೇ ಹೇಳಿದ್ರಲ್ಲ. ಅದಕ್ಕೆ ಒಂದು ವಾರ ಮುಂಚೇನೇ ಹಚ್ಚಿಸಿದೀವಿ ನೋಡಿ.”

ಗುಂಡಿಗಳನ್ನೂ ಬಿಟ್ಟಿಲ್ಲ. ಆವಲಪ್ಪನವರು ಹಣೆಗೆ ಕೈ ಹಚ್ಚಿ ಕೂರುತ್ತಾರೆ. ಯಾವುದು ನಾಣ್ಯ, ಯಾವುದು ಗುಂಡಿ ಎಂದು ತಿಳಿಯದೆ ಕೂಗುವುದು ಹೇಗೆ? ಕೊನೆಗೆ ಪಂಚೆ ಎತ್ತಿ ಕಟ್ಟಿ, ಒಂದು ಬಕೆಟ್ ನೀರು ಕೇಳುತ್ತಾರೆ. ಕೊಳಾಯಿಯ ಹತ್ತಿರ ಅವರೂ ವೆಂಕಟರತ್ನಮ್ಮನೂ ಎದುರುಬದುರು ಕೂತು ಎರಡು ಗಂಟೆ ಮಣ್ಣು ತೊಳೆಯುತ್ತಾರೆ.

“ಒಂದ್ಸಲ ತೊಳೀಬೇಡ ಅಂತೀಯ, ಒಂದ್ಸಲ ತೊಳಿ ಅಂತೀಯ. ನಿಂಗೇನ್ ಬೇಕು ನಾಯನಾ?” ಎಂದು ವೆಂಕಟರತ್ನಮ್ಮ ಕೇಳುತ್ತಾರೆ. ಇವರು ಇನ್ನೊಂದು ಹಿಡಿ ಬಕೆಟ್ಟಿಗೆ ಸುರಿಯುತ್ತಾರೆ.

ರಾಶಿ ಮುಕ್ಕಾಲು ಮುಗಿದಾಗ ಮಣ್ಣಿನಡಿಯಿಂದ ಒಂದು ಸೊಂಡಿಲು ಇಣುಕುತ್ತದೆ. ಕಂಡವರು ಆವಲಪ್ಪನವರೊಬ್ಬರೇ. ಮತ್ತೆ ಮಣ್ಣು ಮೆತ್ತಿ ರಾಶಿಗೆ ಹಾಕಿದರೆ ಕೇಳುವವರಿಲ್ಲ. ಎಂಟುನೂರಕ್ಕೆ ರಾಶಿಯೂ ಅವರದು, ಭಾನುವಾರಗಳೂ ಅವರವು. ಕಾಸನ್ನು ಅಂಗೈಯಲ್ಲಿ ಒಮ್ಮೆ ಮಗುಚಿ ನೋಡುತ್ತಾರೆ. ಆಮೇಲೆ ಎದ್ದು ನಿಂತು, “ಶ್ರೀರಾಮಪ್ಪನವ್ರೇ, ಇದು ಆನೆ. ಇದನ್ನ ಬೇರೆ ಇಡಿ,” ಎನ್ನುತ್ತಾರೆ. ಯಾಕೆ ಹೇಳಿದಿರಿ ಎಂದರೆ, “ದೇವರು ಎದುರುಗಡೇನೇ ಕೂತಿದಾನಲ್ಲ ಸಾರ್, ಬೇರೆ ಊರಲ್ಲಾಗಿದ್ರೂ ಹೇಳ್ತಿದ್ದೆ ಅನ್ಕೊಳಿ,” ಎಂದು ನಗುತ್ತಾರೆ.

“ಮೇಷ್ಟ್ರು ಎಷ್ಟು ಕೊಡ್ತಾರೆ ಅಂತಾನೂ ನೀವೇ ಹೇಳಿದ್ರಲ್ಲ,” ಎಂದು ಶ್ರೀರಾಮಪ್ಪ ಆನೆಯ ಹರಾಜನ್ನು ಐದು ಸಾವಿರದ ಮುನ್ನೂರರಿಂದಲೇ ಶುರು ಮಾಡುತ್ತಾರೆ. ಹೋದ ವರ್ಷದ ಆನೆಗೊಂದು ಜೋಡಿ ತರುವೆನೆಂದು ಮೇಷ್ಟ್ರಿಗೆ ಮಾತು ಕೊಟ್ಟಾಗಿದೆ. ಆವಲಪ್ಪನವರು ಅಷ್ಟಕ್ಕೇ ಕೊಳ್ಳುತ್ತಾರೆ. ಉಳಿದ ರಾಶಿಯಲ್ಲಿ ಮಾರುವಂಥದ್ದೇನೂ ಇಲ್ಲ; ಲಾಭ ಸೊನ್ನೆ. ಕಣ್ಣ ಮುಂದೆ ಕುಡುಗೋಲು ಬರುತ್ತದೆ.

ಚೀಲ ಹೆಗಲಿಗೇರಿಸಿ ಹೊರಟಾಗ ವೆಂಕಟರತ್ನಮ್ಮ ಸಮಿತಿಯವರ ಮೇಲೆ ಹರಿಹಾಯುತ್ತಾರೆ. “ಎರಡು ಗಂಟೆ ನನ್ ಜೊತೆ ಕೂತು ತೊಳ್ದವ್ನೆ. ದೇವಸ್ಥಾನದ ಕೆಲ್ಸ ಮಾಡ್ದೋನ್ನ ಬರಿಗೈಲಿ ಕಳಿಸ್ತೀರೇನ್ರೋ? ನಂಗೆಷ್ಟೋ ಅವ್ನಿಗೂ ಅಷ್ಟೇ ಕೊಡಿ.” ಶ್ರೀರಾಮಪ್ಪ ಮುನ್ನೂರು ರೂಪಾಯಿ ಕೂಲಿ ಎಣಿಸುತ್ತಾರೆ.

ವಾಪಸ್ ಬಸ್ಸಿನಲ್ಲಿ ಆವಲಪ್ಪನವರು ಆ ಮೂರು ನೋಟುಗಳನ್ನು ಬೇರೆ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಳ್ಳುತ್ತಾರೆ. “ಬಸ್ ಚಾರ್ಜು ಕಳೆದ್ರೂ ಉಳೀತು ಸಾರ್. ಸುನಂದಂಗೆ ಲಾಭ ಅಂದ್ರೆ ಲಾಭ. ಎಲ್ಲಿಂದ ಬಂತು ಅಂತ ಕೇಳಲ್ಲ.” ಮುಂದಿನ ಭಾನುವಾರ ಶ್ರೀನಿವಾಸಪುರದ ಕಡೆ ಒಂದು ಹುಂಡಿ ತೆರೆಯುತ್ತಾರಂತೆ. ಅದರ ಮಾತಾಡುತ್ತಾ ಇದ್ದವರಿಗೆ ತಟ್ಟನೆ ಏನೋ ನೆನಪಾಗಿ ಮುಖ ಬಾಡುತ್ತದೆ. ಇದು ಬರುವ ಪೇಪರನ್ನು ಮಾಲೂರಿನ ಮೇಷ್ಟ್ರೂ ಓದುತ್ತಾರಲ್ಲ!

“ಒಂದು ಮಾತು ಮಾತ್ರ ಸರಿಯಾಗಿ ಬರೀರಿ ಸಾರ್,” ಎನ್ನುತ್ತಾರೆ. “ಬರೀ ನೀರು. ಹುಣಸೆಹಣ್ಣು ಮುಟ್ಟಿಲ್ಲ.”