ನೀರ್ಮಾಮನ ಮನೆಗೆ ಬಂದ ಬಾತುಮರಿಗಳು

ನನ್ನ ಸೋದರಮಾವನನ್ನು ಊರೆಲ್ಲ ನೀರ್ಮಾಮ ಎಂದೇ ಕರೆಯುತ್ತಿತ್ತು. ನೀರು ಸರಬರಾಜು ಕೇಂದ್ರದಲ್ಲಿ ವಾಲ್ವ್ ತಿರುಗಿಸುವುದು ಅವನ ಕೆಲಸ. ಕೊಳವೆಗೆ ಕಿವಿಯಿಟ್ಟು, ನೀರು ಬರುತ್ತಿದೆಯೋ ಬರೀ ಗಾಳಿಯೋ ಎಂದು ಹೇಳಿಬಿಡುತ್ತಿದ್ದ. ತಲೆನೋವು, ಸಿಟ್ಟು, ಮಕ್ಕಳ ಹಟ, ಯಾವುದಕ್ಕಾದರೂ ಅವನ ಮದ್ದು ಒಂದೇ: "ಮೊದಲು ಒಂದು ಚೊಂಬು ನೀರು ಕುಡಿ." ಓದಲೆಂದು ಹಳ್ಳಿಯಿಂದ ಬಂದು ಅವನ ಮನೆಯಲ್ಲಿದ್ದ ನಾನು ಪರೀಕ್ಷೆಯ ಭಯಕ್ಕೂ ಅದನ್ನೇ ಕುಡಿದಿದ್ದೇನೆ.

ಒಂದು ದಿನ ಬೆಳಿಗ್ಗೆ ಕೇಂದ್ರದ ನೆಲಮಟ್ಟದ ದೊಡ್ಡ ತೆರೆದ ತೊಟ್ಟಿಯನ್ನು ಬರಿದು ಮಾಡಿ ತೊಳೆದಿದ್ದರು. ಮತ್ತೆ ನೀರು ಬಿಡಲು ಹೋದ ಮಾಮನಿಗೆ ತಳದಿಂದ ಕೀಚಲು ದನಿ ಕೇಳಿಸಿತು. ಬಗ್ಗಿ ನೋಡಿದರೆ ಕಾಡುಬಾತಿನ ಮರಿಗಳು. ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ, ಜಾರಿ, ಮತ್ತೆ ಗೋಡೆಗೆ ಮುಗಿಬೀಳುತ್ತಿದ್ದವು. ಪಕ್ಕದ ಹುಲ್ಲಿನ ಗೂಡಿನಿಂದ ಹೊರಟವು ಕಾಲು ತಪ್ಪಿ ಬಿದ್ದಿರಬೇಕು. ತಾಯಿ ಮೇಲೆ ಅಂಚಿನಲ್ಲಿ ಅತ್ತಿಂದಿತ್ತ ಓಡಾಡುತ್ತಿತ್ತು. ವಾಲ್ವ್ ತೆರೆದರೆ ನೀರಿನ ರಭಸ ಮರಿಗಳನ್ನು ಸೀದಾ ಊರಿಗೆ ಹೋಗುವ ಕೊಳವೆಯೊಳಗೆ ಎಳೆದೊಯ್ಯುತ್ತಿತ್ತು. ಮಾಮ ಏಣಿ ಇಳಿದು ಅವನ್ನೆಲ್ಲ ಬಕೆಟ್ಟಿಗೆ ಎತ್ತಿ ಹಾಕಿಕೊಂಡ. ಅವನು ಮೇಲೆ ಬರುವಷ್ಟರಲ್ಲಿ ತಾಯಿ ಬೆದರಿ ಹಾರಿಹೋಗಿತ್ತು.

ಕೇಂದ್ರದ ಕಾಂಪೌಂಡಿಗೆ ಅಂಟಿಕೊಂಡೇ ನಮ್ಮ ಮನೆ. ಮಾಮ ಹಿತ್ತಲಿನಿಂದಲೇ ಕೂಗಿದ, "ಲೇ, ಬಾ ಇಲ್ಲಿ, ನೆಂಟರು ಬಂದಿದ್ದಾರೆ!"

ಅತ್ತೆ ಬಟ್ಟೆ ಹೊಲಿಯುತ್ತಿದ್ದವಳು ಕತ್ತಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದಳು. "ಅಯ್ಯೋ, ಹೂವಿನ ಹಾಗಿವೆ! ಇವುಗಳ ತಾಯಿ ಎಲ್ರೀ?"

"ಹಾರಿಹೋಯ್ತು. ಬಂದ್ರೂ ಸೇರಿಸಲ್ಲ ಬಿಡು. ಮನುಷ್ಯರ ಕೈ ತಾಗಿದ ಮರೀನ ತಾಯಿ ಹತ್ತಿರಕ್ಕೂ ಬಿಟ್ಕೊಳ್ಳಲ್ವಂತೆ. ಗೊತ್ತಿದ್ದೂ ಮುಟ್ಟಿದೆ, ಏನ್ ಮಾಡ್ಲಿ? ಇನ್ಮೇಲೆ ನಾವೇ ಇವಕ್ಕೆ ಅಪ್ಪ ಅಮ್ಮ."

ಮಾತು ತಮಾಷೆಯದಾದರೂ ಮುಖ ಸಣ್ಣದಾಗಿತ್ತು. ಆ ಸಂಕಟಕ್ಕೋ ಏನೋ, ಬಟ್ಟೆ ಒಗೆಯುವ ಸಿಮೆಂಟ್ ತೊಟ್ಟಿಯ ತುಂಬ ನೀರು ಬಿಟ್ಟು ಮರಿಗಳನ್ನು ಅದರೊಳಗೆ ಇಳಿಸಿದ.

"ಇಷ್ಟೊಂದು ನೀರಾ? ಈಗಷ್ಟೇ ಕಣ್ಣು ಬಿಟ್ಟಿವೆ."

"ಬಾತುಮರಿಗೆ ಈಜು ಕಲಿಸೋಳು ನೀನು! ಹೋಗು, ನಿನ್ನ ರವಿಕೆ ಹೊಲಿ."

ಮರಿಗಳು ಮೊದಮೊದಲು ಚೆನ್ನಾಗಿಯೇ ಈಜಿದವು. ಮಾಮ ತಾನೇ ಕಲಿಸಿದವನಂತೆ ಬೀಗಿದ. ಸ್ವಲ್ಪ ಹೊತ್ತಿಗೆ ಅವುಗಳ ತುಪ್ಪಳ ಮೈಗೆ ಅಂಟಿ, ಬೆನ್ನು ನೀರಿನ ಮಟ್ಟಕ್ಕಿಳಿಯಿತು. ಹತ್ತಿ ನಿಲ್ಲಲು ತೊಟ್ಟಿಯಲ್ಲಿ ಕಲ್ಲಿಲ್ಲ, ಮೆಟ್ಟಿಲಿಲ್ಲ.

"ರೀ, ಮುಳುಗ್ತಾ ಇವೆ ಕಣ್ರೀ!" ಎಂದು ಅತ್ತೆ ಕಿರುಚಿದಳು. ನಾವು ಮೂವರೂ ಕೈಹಾಕಿ ಎತ್ತಿದೆವು. ನೆನೆದ ಹತ್ತಿಯ ಉಂಡೆಗಳಂತಾಗಿ ನಡುಗುತ್ತಿದ್ದವು. ತಾಯಿಯ ರೆಕ್ಕೆಯಡಿ ಇರುವ ಮರಿಗಳಿಗೆ ಅದರ ಗರಿಯ ಎಣ್ಣೆ ತಾಗಿ ಮೈ ನೆನೆಯುವುದಿಲ್ಲವಂತೆ. ಅದನ್ನು ನಾನು ಓದಿದ್ದು ಬಹಳ ಆಮೇಲೆ. ಅಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅತ್ತೆ ಚೂರುಬಟ್ಟೆಗಳಿಗೆ ಇಸ್ತ್ರಿ ಉಜ್ಜಿ, ಬಿಸಿಯನ್ನು ಕೆನ್ನೆಗೆ ಒತ್ತಿ ನೋಡಿ, ಒಂದೊಂದು ಮರಿಯನ್ನೂ ಸುತ್ತಿಟ್ಟಳು. ಒಂದು ಮಾತ್ರ ತಲೆ ಎತ್ತಲಿಲ್ಲ. ಮಾಮ ಅದನ್ನು ಬೊಗಸೆಯಲ್ಲಿ ಹಿಡಿದು ಕುಳಿತ.

"ಬಾಯಿಗೆ ಒಂದು ಹನಿ ನೀರು ಬಿಡ್ಲಾ?"

"ಸಾಕು ಮಾಡಿ ನಿಮ್ಮ ನೀರು!"

ಮರಿಗಳ ಮೈ ಆರುತ್ತಿದ್ದಂತೆ ಕಾಂಪೌಂಡಿನ ಗೋಡೆಯ ಮೇಲಿಂದ ಗಡಸು ಕೂಗು ಕೇಳಿಸಿತು. ತಾಯಿ ಹುಡುಕಿಕೊಂಡು ಬಂದಿತ್ತು. ಬಟ್ಟೆಯೊಳಗಿನ ಮರಿಗಳೆಲ್ಲ ಒಟ್ಟಿಗೆ ಕೀಚುಗುಟ್ಟಿದವು. ಮಾಮ ಅಲುಗಲಿಲ್ಲ.

"ಬೇಡ ಕಣೇ. ನನ್ನ ವಾಸನೆ ಹತ್ತಿದೆ. ಕುಕ್ಕಿ ಸಾಯಿಸಿದ್ರೆ?"

"ನಿಮ್ಮನ್ನ ಮೊದಲು ಮುಟ್ಟಿದ್ದು ಸೂಲಗಿತ್ತಿ ತಾನೇ? ನಿಮ್ಮಮ್ಮ ಬಿಟ್ಟುಹೋದ್ರಾ? ಇಂಥ ಮುಖದೋರನ್ನೇ ಇಟ್ಕೊಂಡು ಸಾಕಿದ್ರಲ್ಲ. ಏಳಿ!"

ಮರಿಗಳನ್ನು ಅಗಲ ಬುಟ್ಟಿಯಲ್ಲಿಟ್ಟು, ತಾಯಿಗೆ ಕಾಣಲೆಂದು ಮುಚ್ಚದೆ, ಕೇಂದ್ರದ ಹಿಂದಿನ ಜೊಂಡಿನ ಕೆರೆಯತ್ತ ಹೊರಟೆವು. ತುಂಬಿದ ಕೊಡ ಹೊತ್ತವನಂತೆ ಮಾಮ ಹೆಜ್ಜೆಯಿಟ್ಟ. ತಾಯಿ ಗೋಡೆಯಿಂದಿಳಿದು ದೂರದಲ್ಲೇ ಹಿಂದೆ ಬಂತು. ನಾವು ನಿಂತರೆ ಅದೂ ನಿಲ್ಲುತ್ತಿತ್ತು.

"ನೀರು ಯಾಕಯ್ಯ ಬಿಟ್ಟಿಲ್ಲ? ಜನ ಫೋನ್ ಮಾಡಿ ಬೈತಿದ್ದಾರೆ!" ಎಂದು ಪಂಪ್‌ಹೌಸಿನ ಬಾಗಿಲಿನಿಂದ ಮೇಸ್ತ್ರಿ ಕೂಗಿದ.

"ಬೈಲಿ ಬಿಡಿ ಅಣ್ಣ, ಬಂದೆ!"

ದಡದಲ್ಲಿ ಬುಟ್ಟಿಯನ್ನು ಓರೆ ಮಾಡಿದ ಕೂಡಲೇ ಮರಿಗಳು ಹುಲ್ಲಿನಲ್ಲಿ ಮುಗ್ಗರಿಸುತ್ತ ಓಡಿದವು. ನಾವು ಹಿಂದೆ ಸರಿದೆವು. ತಾಯಿ ಕತ್ತು ಚಾಚಿ ಹತ್ತಿರ ಬಂದಾಗ ಮಾಮ ಅತ್ತೆಯ ಮೊಣಕೈ ಹಿಡಿದುಕೊಂಡ. ಅದು ಕುಕ್ಕಲಿಲ್ಲ. ಮರಿಗಳ ನಡುವೆ ಕುಳಿತು ರೆಕ್ಕೆ ಸಡಿಲಿಸಿತು, ಅವು ಒಳಗೆ ನುಸುಳಿದವು.

ಬುಟ್ಟಿಯಲ್ಲಿ ಆ ಬಳಲಿದ ಮರಿಯೊಂದೇ ಉಳಿದಿತ್ತು. ಮಾಮ ಅದನ್ನು ಅಂಗೈಯಲ್ಲೇ ಒಯ್ದು ಹುಲ್ಲಿನ ಮೇಲಿಟ್ಟು ಬಂದ. ಎರಡು ಹೆಜ್ಜೆ ನಡೆದು ಅದು ಕುಸಿಯಿತು. ತಾಯಿ ಎದ್ದು ಬಂದು, ಅದರ ಮೈಗೆ ಮೈ ತಾಗಿಸಿ ಕುಳಿತುಕೊಂಡಿತು. ಮಿಕ್ಕ ಮರಿಗಳೂ ಅಲ್ಲಿಗೇ ಬಂದು ಸೇರಿದವು.

ಕೆರೆ ಮುಂದೆಯೇ ಇದ್ದರೂ ತಾಯಿ ನೀರಿಗಿಳಿಯಲಿಲ್ಲ.

"ಬೆಚ್ಚಗಾಗ್ಲಿ ಅಂತ ಕಾಯ್ತಿದೆ," ಎಂದು ಮಾಮ ಪಿಸುಗುಟ್ಟಿದ.

ಮೇಸ್ತ್ರಿ ಮತ್ತೆ ಕೂಗಿದ. ರೆಕ್ಕೆಯ ಸಂದಿಯಿಂದ ಆ ಮರಿಯ ತಲೆ ಮೇಲಕ್ಕೆದ್ದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಮಾಮ ವಾಲ್ವ್ ಕಡೆಗೆ ಓಡಿದ್ದು.