ನೀಲಿ ಪೆನ್ಸಿಲಿನ ಅಪ್ಪಣೆ

ನಮ್ಮ ಸೋದರಮಾವ ಪತ್ರಿಕೆಯೊಂದರ ಕ್ಯಾಮೆರಾ ಕೋಣೆಯಲ್ಲಿ ಮೂವತ್ತು ವರ್ಷ ಬ್ಲಾಕ್, ಅಂದರೆ ಚಿತ್ರ ಅಚ್ಚು ಹಾಕುವ ಲೋಹದ ಪಡಿಯಚ್ಚು, ಮಾಡಿದವರು. ನಮಗೆಲ್ಲ ಅವರು ಬ್ಲಾಕ್ ಮಾವ. ವ್ಯಂಗ್ಯಚಿತ್ರದ ಫೋಟೊ ತೆಗೆದು ಅಚ್ಚಿಗೆ ಬ್ಲಾಕ್ ಆಯಿತೆಂದರೆ ಮೂಲ ಚಿತ್ರ ಕಸದ ಬುಟ್ಟಿಗೆ. ಮಾವ ಅದನ್ನು ಎತ್ತಿ, ಅಂಗಿಯೊಳಗೆ ಬೆನ್ನಿಗೆ ಸೇರಿಸಿಕೊಂಡು, ಮಡಿಕೆ ಬೀಳಬಾರದೆಂದು ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬರುತ್ತಿದ್ದರು. "ಮನೇಲಿ ಕಾಲಿಡೋಕೆ ಜಾಗ ಇಲ್ಲ, ಇವರು ಊರ ಕಸ ಹೊತ್ಕೊಂಡು ಬರ್ತಾರೆ" ಎಂದು ಅತ್ತೆ ಗೊಣಗುತ್ತಲೇ ಟ್ರಂಕಿಗೆ ನುಸಿಗುಳಿಗೆ ಹಾಕುತ್ತಿದ್ದರು.

ಆ ಚಿತ್ರಗಳ ಅಂಚಿನಲ್ಲಿ ಸಂಪಾದಕರು ತಿಳಿನೀಲಿ ಪೆನ್ಸಿಲಿನಲ್ಲಿ ಅಪ್ಪಣೆ ಬರೆಯುತ್ತಿದ್ದರು. ಆ ಬಣ್ಣ ಕ್ಯಾಮೆರಾಗೆ ಕಾಣುವುದಿಲ್ಲ, ಅಚ್ಚಿನಲ್ಲೂ ಮೂಡುವುದಿಲ್ಲ. 'ಮಂತ್ರಿ ಬೇಡ, ಗುಮಾಸ್ತನನ್ನು ಹಾಕಿ.' ಪತ್ರಿಕೆಗಿದ್ದ ಒಬ್ಬರೇ ವ್ಯಂಗ್ಯಚಿತ್ರಕಾರರು ಹಲ್ಲು ಕಚ್ಚಿ ಮಂತ್ರಿಯ ಮೇಲೆ ಬಿಳಿ ಬಣ್ಣ ಬಳಿದು ಗುಮಾಸ್ತನನ್ನು ಬರೆಯುತ್ತಿದ್ದರು. ಓದುಗರಿಗೆ ಕಂಡದ್ದು ಗುಮಾಸ್ತ ಮಾತ್ರ. ದೊಡ್ಡವರ ತಂಟೆಗೆ ಹೋಗದ ಹೇಡಿ, ಮಾರಿಕೊಂಡವನು ಎಂಬ ಹೆಸರು ಹೊತ್ತೇ ಆ ಮನುಷ್ಯ ಸತ್ತರು. ಅಪ್ಪಣೆ ಕೊಟ್ಟವರ ಫೋಟೊ ಮಾತ್ರ ಕಚೇರಿಯ ಮೆಟ್ಟಿಲ ಬಳಿ ಇವತ್ತಿಗೂ ನಗುತ್ತಿದೆ. ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪತ್ರಿಕೆಯವರು ಹಳೆಯ ಚಿತ್ರಗಳ ಪ್ರದರ್ಶನ ಮಾಡುತ್ತೇವೆಂದಾಗ ಮಾವ ನಲವತ್ತನ್ನು ಆರಿಸಿ ಕೊಟ್ಟರು. ಆ ನೀಲಿ ಸಾಲುಗಳನ್ನು ಜನ ಓದಲಿ, ಸತ್ತವರ ಮೇಲಿನ ಅಪವಾದ ಹೋಗಲಿ ಎಂಬುದೊಂದೇ ಅವರ ಆಸೆ. ವ್ಯಂಗ್ಯಚಿತ್ರಕಾರರ ಮಗಳ ಮನೆಗೆ ತಾವೇ ಹೋಗಿ ಕರೆದು ಬಂದರು.

ಮೊದಲ ದಿನ ನಾನೂ ಜೊತೆಗಿದ್ದೆ. ಚೌಕಟ್ಟಿನೊಳಗೆ ಹಾಳೆಗಳ ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ನೀಲಿಯ ಒಂದು ಗೆರೆಯೂ ಇಲ್ಲ.

"ಅಂಚೆಲ್ಲಾ ಗೀಚಿ ಗಲೀಜಾಗಿತ್ತು ಸಾರ್. ಒಂದೊಂದನ್ನೂ ರಬ್ಬರ್ ಹಾಕಿ ಚೊಕ್ಕ ಮಾಡಿಸಿದೀವಿ" ಎಂದ ಪ್ರದರ್ಶನದ ಉಸ್ತುವಾರಿಯವನು. ಹೊಗಳಲಿ ಎಂದು ಕಾದು ನಿಂತ ಬೇರೆ!

ಇರುವೆಗೂ ದಾರಿ ಬಿಟ್ಟು ನಡೆಯುವ ಮಾವ ಅಂದು ಗುಡುಗಿದರು. "ಚೊಕ್ಕ ಮಾಡಿದ್ರಾ? ಇದ್ದ ಸಾಕ್ಷೀನೇ ಒರೆಸಿ ಹಾಕಿದ್ರಲ್ರೀ! ಮೂವತ್ತು ವರ್ಷ ಕಳ್ಳನ ಹಾಗೆ ಬೆನ್ನಲ್ಲಿ ಬಚ್ಚಿಟ್ಕೊಂಡು ತಂದೆ ನಾನು. ಅಳಿಸೋಕೆ ಮುಂಚೆ ಒಂದ್ಸಲ ಓದೋಕೆ ಏನ್ರೀ ಧಾಡಿ ನಿಮಗೆ?"

"ಬರೀ ಪೆನ್ಸಿಲ್ ಗುರುತು ತಾನೇ ಸಾರ್..."

ಮಾವ ಗೋಡೆಯಿಂದ ಒಂದು ಚೌಕಟ್ಟನ್ನು ಕಿತ್ತು, ಹಿಂದಿನ ರಟ್ಟು ಬಿಚ್ಚಿ, ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಗುಮಾಸ್ತನ ಹಿಂದೆ, ಬಿಳಿ ಬಣ್ಣದ ಅಡಿಯಿಂದ, ಮಂತ್ರಿಯ ಬೋಳುತಲೆ, ದಪ್ಪ ಮೂಗು, ಇನ್ನೊಬ್ಬರ ಜೇಬಿಗೆ ಇಳಿದ ಕೈ ಕಪ್ಪಗೆ ಮೂಡಿದವು. ಬಿಳಿ ಬಣ್ಣದ ಮುಂದೆ ರಬ್ಬರಿನ ಆಟ ನಡೆದಿರಲಿಲ್ಲ.

ವ್ಯಂಗ್ಯಚಿತ್ರಕಾರರ ಮಗಳು ಹತ್ತಿರ ಬಂದು ಬಹಳ ಹೊತ್ತು ನೋಡಿದರು.

"ಹೇಡಿಯ ಮಗಳು ಅನ್ನಿಸ್ಕೊಂಡೇ ಬೆಳೆದೆ" ಎಂದರು. "ನಾನೂ ಅದನ್ನೇ ನಂಬಿದ್ದೆ."

ಆಮೇಲೆ ಉಸ್ತುವಾರಿಯವನ ಕಡೆ ತಿರುಗಿದರು. "ಉಳಿದ ಮೂವತ್ತೊಂಬತ್ತನ್ನೂ ಇಳಿಸ್ರೀ. ಒಂದೊಂದಾಗಿ ಈ ಕಿಟಕಿಗೆ ಹಿಡೀರಿ."