ಕಸ್ತೂರಿಯ ಅವ್ವನ ಸೀರೆಯ ತುಂಡು

ಕಸ್ತೂರಿಯ ಅವ್ವನ ಸೀರೆಯ ತುಂಡನ್ನು ಎಸೆದವಳು ನಾನು. ಕಳೆದುಹೋದದ್ದಲ್ಲ — ತಿಳಿದೂ ತಿಳಿದೂ ಎಸೆದೆ. ಅದರ ಜಾಗದಲ್ಲಿ ಅಂಗಡಿಯಿಂದ ಅದೇ ಬಣ್ಣದ ಹೊಸ ಬಟ್ಟೆ ತಂದಿಟ್ಟು ಹೊಲಿದೆ. ಅದು ಅವಳ ಅವ್ವನದೇ ಎಂದು ನಂಬಿಸಿದೆ.

ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಕೊರೊನಾದ ಎರಡನೆಯ ಅಲೆ ಇಳಿದು ಶಾಲೆ ತೆರೆದಾಗ ಮಕ್ಕಳು ಮೊದಲಿನಂತಿರಲಿಲ್ಲ. ಯಾರ ಮನೆಯಲ್ಲಿ ಯಾರು ಹೋದರೆಂಬುದು ಎಲ್ಲರಿಗೂ ಗೊತ್ತು, ಬಾಯಿ ಬಿಡುವವರಿಲ್ಲ. ಎಷ್ಟೋ ಮಕ್ಕಳಿಗೆ ತಮ್ಮವರ ಮಣ್ಣಿಗೂ ಹೋಗಲಾಗಿರಲಿಲ್ಲ. ದೇಶವೇ ಅತ್ತ ಆ ದಿನಗಳನ್ನು ಇವರು ಮರೆಯಬಾರದು, ಆದರೆ ಒಬ್ಬೊಬ್ಬರೇ ಹೊತ್ತು ತಿರುಗಲೂಬಾರದು — ಹಾಗೆನಿಸಿ, ಎಲ್ಲರೂ ಕೂಡಿ ಒಂದು ದೊಡ್ಡ ಕೌದಿ ಹೊಲಿಯೋಣ ಎಂದೆ. ತೀರಿಕೊಂಡವರ ಬಟ್ಟೆಯ ತುಂಡನ್ನು ಮಕ್ಕಳು ತಂದರು. ಧೋತರದ ಅಂಚು, ಅಂಗಿಯ ಕಿಸೆ, ಅಜ್ಜನ ರುಮಾಲಿನ ಚೂರು. ಮನೆಯಲ್ಲಿ ಸಾವು ಕಾಣದ ಮಕ್ಕಳು ಗೆಳೆಯರ ಪಕ್ಕ ಕುಳಿತು ಸೂಜಿಗೆ ದಾರ ಪೋಣಿಸಿಕೊಟ್ಟರು. ಹೊಲಿಯುತ್ತ ಹೊಲಿಯುತ್ತ ಮಾತುಗಳು ಹೊರಟವು. ಕೆಲವರು ಅತ್ತರು — ಮೊದಲ ಸಲ.

ಕಸ್ತೂರಿ ಸಾರವಾಡದ ಹುಡುಗಿ, ಆಗ ಎಂಟನೆಯ ತರಗತಿ. ಅವ್ವ ಹೋದಾಗ ಅವಳ ತಂಗಿ ಗೌರಿ ಇನ್ನೂ ಮೊಲೆ ಬಿಡದ ಕೂಸು. ರೋಗದ ಅಂಜಿಕೆಗೆ ಓಣಿಯವರು ಅವ್ವನ ಬಟ್ಟೆಯನ್ನೆಲ್ಲ ಹೊಲದ ಬದುವಿನಲ್ಲಿ ಸುಟ್ಟಿದ್ದರು. ಕಸ್ತೂರಿ ಶಾಲೆಗೆ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದ ಅವ್ವನ ಹಸಿರು ಸೀರೆಯ ತುಂಡು ಮಾತ್ರ, ಪುಸ್ತಕದ ಚೀಲದಲ್ಲಿ ಉಳಿದು, ಬೆಂಕಿಗೆ ಸಿಕ್ಕಿರಲಿಲ್ಲ.

"ಇದೊಂದಽ ಉಳದೇತ್ರಿ ಟೀಚರ್," ಎಂದು ಕೊಟ್ಟಿದ್ದಳು.

ನಾನದನ್ನು ಕೇಳಿಸಿಕೊಂಡಿದ್ದೆ. ಮನಸ್ಸಿಗೆ ಇಳಿದಿರಲಿಲ್ಲ — ಅಲ್ಲ, ಇಳಿಸಿಕೊಳ್ಳಲಿಲ್ಲ.

ಕೌದಿಯನ್ನು ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಸಭಾಂಗಣವೊಂದರಲ್ಲಿ ತೂಗುಹಾಕುವುದೆಂದಾಯಿತು. ಊರಿನ ದೊಡ್ಡವರು ಬರುವವರಿದ್ದರು. ಮಕ್ಕಳು ಮನೆಗೆ ಹೋದ ಮೇಲೆ ದೂರ ನಿಂತು ನೋಡಿದೆ. ಸರಿಯಾಗಿ ನಡುವೆ ಆ ಹಸಿರು ತುಂಡು: ಎಣ್ಣೆಯ ಕಲೆ, ಅರಿಸಿನದ ಕಲೆ, ಬಿಸಿ ಪಾತ್ರೆ ಇಳಿಸುವಾಗ ಕರಕಾದ ಅಂಚು. ನನ್ನ ಕಣ್ಣಿಗೆ ಅದು ಬಣ್ಣಗಳ ಹೊಂದಿಕೆ ಕೆಡಿಸುವ ಕೊಳಕಾಗಿ ಕಂಡಿತು. ಒಬ್ಬ ಹೆಂಗಸು ಬದುಕಿದ ಗುರುತೇ ಆ ಕಲೆಗಳು ಎಂದು — ಕಲೆ ಕಲಿಸುವ ನನಗೆ ಹೊಳೆಯಲಿಲ್ಲ. ಬಿಚ್ಚಿದೆ. ಚಿಂದಿಯ ಬುಟ್ಟಿಗೆ ಹಾಕಿದೆ. ಮರುದಿನ ಕಸದವರು ಒಯ್ದರು.

ಪ್ರದರ್ಶನದಲ್ಲಿ ಕಸ್ತೂರಿ ತನ್ನ ಚೌಕವನ್ನು ಹುಡುಕಿ ಮೂಗು ಹಚ್ಚಿದಳು.

"ಟೀಚರ್, ಅವ್ವನ ವಾಸನಿ ಹೋಗೇತ್ರಿ."

"ತೊಳದು ಬಿಸಲಿಗೆ ಹಾಕಿದ್ವಿ, ಕಲೆಗೋಳೂ ಹೋಗ್ಯಾವ," ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವಳು ತಲೆಯಾಡಿಸಿ, ಅಂಗಡಿಯ ಬಟ್ಟೆಗೆ ಕೆನ್ನೆಯಿಟ್ಟು ನಿಂತಳು. ಯಾರೋ ಫೋಟೋ ತೆಗೆದರು. ಅದನ್ನು ಕಟ್ಟುಹಾಕಿಸಿ ನಮ್ಮ ಶಾಲೆಯಲ್ಲಿ, ಕೌದಿಯ ಪಕ್ಕದಲ್ಲೇ ತೂಗುಹಾಕಿದ್ದಾರೆ. ಬಂದವರೆಲ್ಲ ನನ್ನನ್ನು ಹೊಗಳುತ್ತಾರೆ.

ಈಗ ಕಸ್ತೂರಿ ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಇತ್ತೀಚೆಗೆ ಶಾಲೆಗೆ ಬಂದಿದ್ದಳು. ಗೌರಿಗೆ ಅವ್ವನ ಮುಖವೂ ನೆನಪಿಲ್ಲವಂತೆ. ಆ ತುಂಡನ್ನಾದರೂ ಅವಳ ಕೈಗಿಡಬೇಕಂತೆ. ನಾನು ಕತ್ತರಿ ತಂದೆ, ಹೊಲಿಗೆ ಬಿಚ್ಚಿದೆ, ಮಡಿಸಿ ಕೊಟ್ಟೆ. ಆಗಲೂ ನಿಜ ಹೇಳಲು ಬಾಯಿ ಬರಲಿಲ್ಲ. ಮೊದಲ ತಪ್ಪಿಗಿಂತ ಇದು ದೊಡ್ಡದು.

ಮುಂದಿನ ಭಾನುವಾರ ಸಾರವಾಡಕ್ಕೆ ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಕಸ್ತೂರಿಗೆ ಎಲ್ಲವನ್ನೂ ಹೇಳಿದೆ. ಅವಳು ಎದ್ದು ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಒಳಗೆ ಗೌರಿ ಏನೋ ಹಾಡಿಕೊಳ್ಳುತ್ತಿದ್ದಳು.

"ಅದನ್ನ ದಿಂಬಿನ ಮ್ಯಾಲ ಹಾಸ್ಕೊಂಡಽ ಮಲಗ್ತಾಳ್ರಿ ಅಕಿ," ಎಂದಳು. "ಅಕಿಗೆ ಹೇಳಬ್ಯಾಡ್ರಿ. ಈ ಮಾತು ನನ್ನ ಹಂತೇಕನಽ ಇರ್ಲಿ."

ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ನನ್ನ ಭಾರ ಇಳಿಸಲು ಹೋದವಳು ಅದನ್ನು ಅವಳ ಹೆಗಲಿಗೇರಿಸಿ ಎದ್ದಿದ್ದೆ — ಇನ್ನು ದಿನವೂ ತಂಗಿಯ ಮುಂದೆ ಸುಳ್ಳು ಕಾಯಬೇಕಾದವಳು ಅವಳು. ಹೊರಡುವಾಗ ತಿರುಗಿ ಹೇಳಿದೆ: ಗೌರಿಗೆ ತಿಳಿಯುವ ವಯಸ್ಸು ಬಂದಾಗ ಹೇಳಬೇಕಾದವಳು ನೀನಲ್ಲ, ನಾನು; ನಾನೇ ಬಂದು ಹೇಳುತ್ತೇನೆ.

ಕಸ್ತೂರಿ ಒಳಗೆ ಹೋಗಿ, ತಂಗಿಯ ಪಕ್ಕ ಕುಳಿತಳು.